ಸುಗ್ಗಿಯ ಕಾಲದಲ್ಲಿ ಹೊಲದ ಹಕ್ಕಿಗಳನ್ನು ನೋಡತಕ್ಕ ಬಗೆ

ರಾಗಿಯು ಕುಯಿಲಿಗೆ ಬರುವ ಕಾರ್ತಿಕ ಮಾಸದಿಂದ ಕಣದ ಕೆಲಸವು ಮುಗಿಯುವ ಮಾಘ ಮಾಸದವರೆಗೆ ಮೈಸೂರು ಸೀಮೆಯ ಹೊಲಗಳಲ್ಲಿ ಹಕ್ಕಿಗಳ ಸಂಚಾರವು ಬಹಳ. ಊರ ಹಕ್ಕಿಗಳಲ್ಲದೆ ಉತ್ತರದೇಶಗಳಿಂದ ವಲಸೆ ಬರುವ ಹಕ್ಕಿಗಳೂ ಈ ಕಾಲದಲ್ಲಿ ಇಲ್ಲಿಯೇ ಇರುವುವು. ಹಕ್ಕಿ ಕಂಡೊಡನೆ ಅದು ಕಾಳಿಗೇ ಬಂದುದೆಂದು ಎಣಿಸಿ ಕವಣೆ ಬೀಸುವುದು ರೂಢಿಯಾಗಿದೆ. ಇದರಿಂದ ಕಳ್ಳನ ಸಂಗಡ ಕಾವಲುಗಾರನೂ ಓಡಿಹೋಗುವನು.

ಯಾವ ಹಕ್ಕಿಯು ಏನನ್ನು ತಿನ್ನುವುದೆಂಬುದನ್ನು ಕಣ್ಣಾರೆ ಕಾಣಲು ಹೆಚ್ಚಿನ ಸಲಕರಣೆ ಬೇಕಿಲ್ಲ. ಹೊತ್ತು ಮೂಡಿದ ಮೇಲೆ ಒಂದು ಗಂಟೆಯ ಕಾಲ ಬದುವಿನ ಮರಕ್ಕೆ ಒರಗಿ ಅಲುಗಾಡದೆ ಕುಳಿತರೆ ಸಾಕು. ಹಕ್ಕಿಯ ಬಣ್ಣಕ್ಕಿಂತ ಅದರ ಕೊಕ್ಕನ್ನು ನೋಡತಕ್ಕದ್ದು. ಗುಬ್ಬಿ, ಗೀಜಗ ಮೊದಲಾದವುಗಳ ಕೊಕ್ಕು ಮೊಂಡಾಗಿ ದಪ್ಪನಾಗಿರುವುದು. ಇವು ಕಾಳು ಒಡೆಯುವುವು. ಗಿಣಿಯಂತೂ ತಿನ್ನುವುದಕ್ಕಿಂತ ಹೆಚ್ಚಾಗಿ ಜೋಳದ ತೆನೆಯನ್ನು ಕಡಿದು ಕೆಡವುವುದು. ಇವುಗಳನ್ನು ತೆನೆ ಬಲಿಯುವ ಕೆಲವು ವಾರ ಬೆಳಗ್ಗೆ ಸಂಜೆ ತಪ್ಪದೆ ಬೆದರಿಸಬೇಕು.

ಸೀಳಿದ ಬಾಲದ ಕರಿಯ ಕಾಜಾಣದ ನಡತೆಯೇ ಬೇರೆ. ಅದು ಬೋಳುಕೊಂಬೆಯಲ್ಲಿ ಕುಳಿತು, ತಟ್ಟನೆ ಎರಗಿ, ಹುಳುವನ್ನು ಹಿಡಿದುಕೊಂಡು ಅದೇ ಕೊಂಬೆಗೆ ಮರಳುವುದು. ಗೊರವಂಕವು ಸಾಲುಗಳಲ್ಲಿ ನಡೆದಾಡಿ ಹುಳುಗಳನ್ನು ಹೆಕ್ಕುವುದು. ಬೆಳ್ಳಕ್ಕಿಯು ನೇಗಿಲ ಹಿಂದೆ ಬರುವುದನ್ನು ಕಾಣದ ರೈತನಿಲ್ಲ. ಬಾಲವನ್ನು ಕುಣಿಸುತ್ತ ಓಡಾಡುವ ಕುಂಡೆಕುಸ್ಕವು ಚಳಿಗಾಲದ ಅತಿಥಿ. ಒಂದು ಕಾಳನ್ನೂ ಮುಟ್ಟದು.

ಕಡಲೆಯ ಕಾಯಿ ಕೊರೆಯುವ ಹುಳುವಿನ ಕಾಟವಿರುವಲ್ಲಿ, ಕಾಜಾಣವು ಕೂರುವುದಕ್ಕಾಗಿ ಅಡ್ಡಕಡ್ಡಿ ಕಟ್ಟಿದ ಗೂಟಗಳನ್ನು ಎಕರೆಗೆ ಸುಮಾರು 20ರಂತೆ, ಬೆಳೆಗಿಂತ ಎತ್ತರವಾಗಿ ನೆಡತಕ್ಕದ್ದು. ಜೋಳದ ಹೊಲದಲ್ಲಾದರೋ ಕಾಳು ಹಾಲುತುಂಬುವ ಮೊದಲೇ ಅವನ್ನು ಕೀಳಬೇಕು. ಇಲ್ಲದಿದ್ದರೆ ಅದೇ ಗೂಟದ ಮೇಲೆ ಕಾಳು ತಿನ್ನುವ ಹಕ್ಕಿ ಬಂದು ಕೂರುವುದು.

ಗೂಬೆಯ ವಿಷಯವನ್ನು ವಿಸ್ತರಿಸಿ ಹೇಳಬೇಕಾಗಿದೆ. ಅದು ಕೂಗಿದರೆ ಕೇಡೆಂದು ಕಲ್ಲೆಸೆಯುವರು. ದೀಪಾವಳಿಯ ಅಮಾವಾಸ್ಯೆಯ ಸುಮಾರಿಗೆ ಮಾಟಕ್ಕೆಂದು ಹಿಡಿಯುವವರೂ ಉಂಟು. ಪಾಳುಗುಡಿ, ಹಳೆಯ ಮನೆಯ ಅಟ್ಟ, ಮರದ ಪೊಟರೆಗಳಲ್ಲಿ ಇರುವ ಬಿಳಿಮುಖದ ಗೂಬೆಯು ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು ಮೂಳೆಗಳನ್ನು ಹೆಬ್ಬೆಟ್ಟಿನ ಗಾತ್ರದ ಉಂಡೆಯಾಗಿ ಕಕ್ಕುವುದು. ಅದು ಕೂರುವ ತಾಣದ ಕೆಳಗೆ ಈ ಉಂಡೆಗಳು ಬಿದ್ದಿರುವುವು. ಅವನ್ನು ಕಡ್ಡಿಯಿಂದ ಎತ್ತಿ, ಬಟ್ಟಲ ನೀರಿನಲ್ಲಿ ನೆನೆಯಿಟ್ಟು ಬಿಡಿಸಿದರೆ ಇಲಿಯ ತಲೆಬುರುಡೆಗಳೂ ಹಳದಿಯ ಬಾಚಿಹಲ್ಲುಗಳೂ ದೊರೆಯುವುವು. ಬುರುಡೆಗಳನ್ನು ಎಣಿಸಿದರೆ ಕಣಜಕ್ಕೆ ನುಗ್ಗದೆ ಉಳಿದ ಇಲಿಗಳ ಲೆಕ್ಕವು ಸಿಕ್ಕುವುದು. ಗ್ರಾಮದ ಮುಖಂಡರು ಈ ಪರೀಕ್ಷೆಯನ್ನು ಚಾವಡಿಯಲ್ಲಿ, ಎಲ್ಲರ ಎದುರಿನಲ್ಲಿ ಮಾಡಿಸುವುದು ಉಚಿತ. ಶಕುನದ ಮಾತಿಗೆ ವಾದದಿಂದ ಉತ್ತರ ಹೇಳಿ ಗೆದ್ದವರು ಕಡಮೆ; ಬುರುಡೆಯನ್ನು ಕೈಗೆ ಕೊಟ್ಟರೆ ಮುದುಕರೂ ಕೇಳುವರು. ಗೂಬೆಯನ್ನು ಹಿಡಿಯುವುದೂ ಕೊಲ್ಲುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವೆಂಬುದನ್ನೂ ಅಲ್ಲಿಯೇ ತಿಳಿಸಬಹುದು. ಇಲಿಗೆ ವಿಷವಿಟ್ಟ ಹೊಲದಲ್ಲಿ ಸತ್ತ ಇಲಿಗಳನ್ನು ಅಂದಂದೇ ಆಯ್ದು ಆಳವಾಗಿ ಹೂಳತಕ್ಕದ್ದು. ಅವನ್ನು ತಿಂದ ಗೂಬೆಗೂ ವಿಷವೇರುವ ಸಂಭವವುಂಟು.

ಎಲ್ಲ ಅತಿಥಿಗಳೂ ನಿರಪರಾಧಿಗಳೆಂದು ಹೇಳಲಾಗದು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯೇ ಮೊದಲಾದ ಕೆರೆಗಳಿಗೆ ಚಳಿಗಾಲದಲ್ಲಿ ಬರುವ, ತಲೆಯ ಮೇಲೆ ಎರಡು ಕಪ್ಪು ಪಟ್ಟೆಯುಳ್ಳ ಹೆಬ್ಬಾತುಗಳು ಹಗಲು ನೀರಿನಲ್ಲಿದ್ದು ಹೊತ್ತು ಮುಳುಗಿದ ಮೇಲೆ ಹೊಲಗಳಲ್ಲಿ ಮೇಯುವುವು. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಇಂತಹ ಬಾತುಗಳು ಕನ್ನಡನಾಡಿನ ಕೆರೆಗಳಲ್ಲಿ ಕಂಡುಬಂದಿವೆ. ಪಟ್ಟಿ ಕಂಡವರು ಅದರ ಬಣ್ಣವನ್ನೂ ಅಕ್ಷರವನ್ನೂ ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ಕೆರೆಯಂಚಿನ ಪೈರಿಗೆ ರಾತ್ರಿ ಕಾವಲಿಟ್ಟು ಲಾಂದ್ರ ತೋರಿಸಿ ಸದ್ದುಮಾಡಿದರೆ ಅವು ಎದ್ದುಹೋಗುವುವು, ಬಂದೂಕದ ಅವಶ್ಯವಿಲ್ಲ.

ಓದುಬರಹ ಬಲ್ಲ ಹುಡುಗನೊಬ್ಬನ ಕೈಯಲ್ಲಿ ದಿನ, ಹೊಲ, ಬೆಳೆ, ಹಕ್ಕಿ, ಅದರ ಕೊಕ್ಕಿನಲ್ಲಿ ಕಂಡದ್ದು, ಇಷ್ಟನ್ನೇ ಒಂದು ಪುಸ್ತಕದಲ್ಲಿ ಬರೆಯಿಸಬೇಕು. ಕಣದ ಕೆಲಸ ಮುಗಿಯಿತೆಂದು ಬರವಣಿಗೆಯನ್ನು ನಿಲ್ಲಿಸದೆ, ಕುಂಡೆಕುಸ್ಕಗಳು ಹೊರಟುಹೋಗುವ ಮಾರ್ಚಿ, ಏಪ್ರಿಲ್ ತಿಂಗಳವರೆಗೂ ನಡೆಯಿಸತಕ್ಕದ್ದು.