ಅಕ್ಕ ಶಾಲೆಗೆ, ತಮ್ಮ ಅಂಗನವಾಡಿಗೆ



ಹೋದ ಸುಗ್ಗಿಯಲ್ಲಿ ಕಡಲೆಕಾಯಿ ಹೊಲ ನೋಡಲು ಹೋದಾಗ, ಐದನೆಯ ತರಗತಿಯ ಹುಡುಗಿಯೊಬ್ಬಳು ತಮ್ಮನನ್ನು ಎತ್ತಿಕೊಂಡು ಬದುವಿನ ಮೇಲೆ ನಿಂತಿದ್ದಳು. ತಾಯಿ ಕಾಯಿ ಕೀಳುತ್ತಿದ್ದರು. ಮೇಷ್ಟ್ರು ಗೈರುಹಾಜರಿ ಬರೆದುಕೊಂಡಿದ್ದರು, ಅವರೊಬ್ಬರಿಂದ ಇನ್ನೇನಾದೀತು?

ಅಂಗನವಾಡಿ ಯೋಜನೆ 1975ರಲ್ಲಿ ದೇಶದ 33 ಬ್ಲಾಕುಗಳಲ್ಲಿ ಆರಂಭವಾದಾಗ ನಮ್ಮ ನಾಡಿನ ತಿರುಮಕೂಡಲು ನರಸೀಪುರವೂ ಅದರಲ್ಲಿತ್ತು. 3ರಿಂದ 6 ವರ್ಷದ ಮಕ್ಕಳನ್ನು ಅಲ್ಲಿ ಬಿಡಬಹುದು, ಊಟವೂ ಉಂಟು. ಇನ್ನೂ ಚಿಕ್ಕ ಕೂಸಾದರೆ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಇದೆಯೇ ವಿಚಾರಿಸಿ.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು, ಪೋಷಕರು. ಸದಸ್ಯರಲ್ಲಿ ಅರ್ಧ ಹೆಂಗಸರು. ಆದ್ದರಿಂದ ಸಭೆ ಕರೆಯಲು ನೀವೇ ಕೇಳಬಹುದು. ಅಂಗನವಾಡಿ ಕಾರ್ಯಕರ್ತೆಯನ್ನೂ ಆಶಾ ಕಾರ್ಯಕರ್ತೆಯನ್ನೂ ಕೂರಿಸಿಕೊಂಡು, ಯಾವ ಹುಡುಗಿಯ ಮನೆಯಲ್ಲಿ ಕೂಸಿದೆಯೆಂದು ಹಾಜರಿ ಪುಸ್ತಕದೊಡನೆ ತಾಳೆ ನೋಡಿ. ಕಾಯಿ ಬಲಿಯುವುದಕ್ಕೆ ಮೊದಲೇ ಸೇರಿರಿ. ಕೀಳಲು ತೊಡಗಿದ ಮೇಲೆ ಯಾರೂ ಬರುವುದಿಲ್ಲ.