ಪಹಣಿಯ ಕಾವಲು

ಕಪಿಲೆಯ ದಡದ ನಂಜನಗೂಡಿನಲ್ಲಾಗಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಾಗಲಿ, ಬೆಳೆಸಾಲಕ್ಕೆ ಹೊರಟ ರೈತನ ಕೈಯಲ್ಲಿ ಪಹಣಿ ಇರಲೇಬೇಕು. ಹೊಲದ ಸರ್ವೆ ನಂಬರು, ವಿಸ್ತೀರ್ಣ, ಒಡೆತನ, ಬೆಳೆ ಎಲ್ಲವೂ ಆ ಹಾಳೆಯಲ್ಲಿ ಅಡಗಿವೆ. ಹಿಂದೆ ಇದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿದ್ದಿತು. ೨೦೦೧ರಲ್ಲಿ ಕರ್ನಾಟಕ ಸರ್ಕಾರವು ಆರಂಭಿಸಿದ 'ಭೂಮಿ' ಯೋಜನೆಯಿಂದ ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿಯಷ್ಟು ದಾಖಲೆಗಳು ಗಣಕಯಂತ್ರವನ್ನು ಸೇರಿದವು.

ಪುಸ್ತಕಕ್ಕೆ ಗೆದ್ದಲಿನ ಭಯವಾದರೆ ಗಣಕದ ಡಿಸ್ಕಿಗೆ ಬೇರೆ ಭಯ. ಹಗಲಿರುಳು ತಿರುಗುವ ಆ ತಟ್ಟೆ ಒಂದು ದಿನ ಕೆಟ್ಟೇ ಕೆಡುತ್ತದೆ. ಆಗ ಅದರೊಳಗಿನ ಪಹಣಿಗಳ ಗತಿಯೇನು? ೧೯೮೮ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ವಿದ್ವಾಂಸರು ಹಲವು ಅಗ್ಗದ ಡಿಸ್ಕುಗಳನ್ನು ಒಕ್ಕೂಟವಾಗಿ ದುಡಿಸುವ ಕ್ರಮಗಳನ್ನು ವಿವರಿಸಿ ಅದಕ್ಕೆ 'ರೇಡ್' ಎಂದು ಹೆಸರಿಟ್ಟರು.

ಇವುಗಳಲ್ಲಿ ಸುಲಭವಾದುದು ರೇಡ್ ೧. ಒಂದರಲ್ಲಿ ಬರೆದುದನ್ನೇ ಜೊತೆಯ ಡಿಸ್ಕಿನಲ್ಲಿಯೂ ಬರೆಯುವುದು, ಕನ್ನಡಿಯ ಬಿಂಬದಂತೆ. ಇಂತಹ ಜೋಡಿಗಳನ್ನು ಹಲವಾಗಿ ಕೂಡಿಸಿದರೆ ರೇಡ್ ೧೦. ಆದರೆ ಕೊಂಡ ಜಾಗದಲ್ಲಿ ಅರ್ಧವು ನಕಲಿಗೇ ಹೋಗುತ್ತದೆ.

ರೇಡ್ ೫ರ ಉಪಾಯ ಜಾಣತನದ್ದು. ಮೂರು ಡಿಸ್ಕುಗಳಲ್ಲಿ ೭, ೪, ೯ ಎಂಬ ಅಂಕಿಗಳಿವೆಯೆನ್ನಿ. ನಾಲ್ಕನೆಯದರಲ್ಲಿ ಅವುಗಳ ಮೊತ್ತ ೨೦ನ್ನು ಬರೆದಿಡೋಣ. ಎರಡನೆಯದು ಕೆಟ್ಟರೆ ೨೦ರಿಂದ ೭ನ್ನೂ ೯ನ್ನೂ ಕಳೆಯಿರಿ. ಕಳೆದುಹೋದ ೪ ತಾನಾಗಿ ಮರಳುತ್ತದೆ. ಗಣಕವು ಸಂಕಲನದ ಬದಲು ಸಮ-ಬೆಸದ ಲೆಕ್ಕವನ್ನು ಬಳಸುತ್ತದೆ. ಆ ಲೆಕ್ಕವನ್ನು ಒಂದೇ ಡಿಸ್ಕಿನ ಮೇಲೆ ಹೊರಿಸದೆ ಎಲ್ಲಕ್ಕೂ ಹಂಚುತ್ತದೆ.

ಉಳಿತಾಯಕ್ಕೆ ಬೆಲೆಯುಂಟು. ಒಂದು ಅಂಕಿಯನ್ನು ತಿದ್ದಬೇಕಾದರೆ ಹಳೆಯ ಅಂಕಿ, ಹಳೆಯ ಮೊತ್ತಗಳನ್ನು ಓದಿ, ಹೊಸವೆರಡನ್ನೂ ಬರೆಯಬೇಕು, ನಾಲ್ಕು ಕೆಲಸ. ಕನ್ನಡಿಯಲ್ಲಾದರೆ ಎರಡೇ. ಇದಲ್ಲದೆ ಕೆಟ್ಟ ಡಿಸ್ಕಿನ ಬದಲಿಗೆ ಹೊಸದನ್ನಿಟ್ಟು ತುಂಬಿಸಲು ಉಳಿದವನ್ನೆಲ್ಲ ಪೂರ್ತಿ ಓದಬೇಕು. ಇಂದಿನ ದೊಡ್ಡ ಡಿಸ್ಕುಗಳಲ್ಲಿ ಇದಕ್ಕೆ ಹಲವಾರು ಗಂಟೆಗಳೇ ಹಿಡಿಯುತ್ತವೆ. ಆ ನಡುವೆ ಇನ್ನೊಂದು ಕೆಟ್ಟಿತೋ, ಸರ್ವನಾಶ! ಈ ಭಯಕ್ಕಾಗಿಯೇ ಎರಡು ಬಗೆಯ ಲೆಕ್ಕಗಳನ್ನಿಡುವ ರೇಡ್ ೬ ಬಂದಿತು. ಅದು ಎರಡು ಡಿಸ್ಕುಗಳ ಸಾವನ್ನೂ ತಾಳಬಲ್ಲುದು. ತಿದ್ದುಪಡಿಗೆ ಮಾತ್ರ ಆರು ಕೆಲಸ.

ಹಾಗಾದರೆ ಕಚೇರಿಯೊಂದು ಯಾವುದನ್ನು ಆರಿಸಬೇಕು? ಖಾತೆ ಬದಲಾವಣೆಯಂತೆ ಎಡೆಬಿಡದೆ ತಿದ್ದುವ ದಾಖಲೆಗಳಿಗೆ ರೇಡ್ ೧೦ ತಕ್ಕುದು. ಒಮ್ಮೆ ಚಿತ್ರ ತೆಗೆದಿಟ್ಟು ಓದಲಷ್ಟೇ ತೆರೆಯುವ ಹಳೆಯ ಕಡತಗಳಿಗೆ ರೇಡ್ ೬ ಸಾಕು. ವೇಗಕ್ಕಾಗಿ ಹಂಚುವುದನ್ನಷ್ಟೇ ಬಲ್ಲ ರೇಡ್ ೦ಗೆ ರಕ್ಷಣೆಯೆಂಬ ಮಾತೇ ಸಲ್ಲದು. ಪಹಣಿಯನ್ನು ಅದರ ಕೈಗೆ ಕೊಡುವುದು ಅವಿವೇಕ.

೨೦೧೯ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನುಗ್ಗಿದಳು. ಅಂತಹ ನೀರು ಗಣಕದ ಕೋಣೆಯನ್ನೇ ಹೊಕ್ಕರೆ ಜೋಡಿಯೂ ಮೊತ್ತವೂ ಒಟ್ಟಿಗೇ ಮುಳುಗುತ್ತವೆ. ಗುಮಾಸ್ತನು ತಪ್ಪಿ ಅಳಿಸಿದ ಪಹಣಿ ಕನ್ನಡಿಯಲ್ಲಿಯೂ ಅದೇ ಕ್ಷಣ ಅಳಿದುಹೋಗುತ್ತದೆ. ಆದುದರಿಂದ ಯಾವ ರೇಡ್ ಇದ್ದರೂ ದೂರದ ಇನ್ನೊಂದೂರಿನಲ್ಲಿ ಬೇರೊಂದು ಪ್ರತಿಯನ್ನು ಇಡುತ್ತಾರೆ. ಅದರಿಂದ ಒಂದೆರಡು ಪಹಣಿಗಳನ್ನು ಆಗಾಗ್ಗೆ ಹೊರತೆಗೆದು, ಓದಲು ಬರುತ್ತವೆಯೇ ಎಂದು ಪರೀಕ್ಷಿಸುವುದೂ ಈ ಕಾವಲಿನ ಕೆಲಸವೇ.