ನಿದ್ದೆಗೆಟ್ಟು ಬರೆಯಬೇಡ



ಮಗಳೇ, ಜಪಾನಿನ ಚಿತ್ರಕಥೆಗಳಾದ ಮಾಂಗಾದ ಕಲಾವಿದರ ಹಾಗೆ ರಾತ್ರಿಯಿಡೀ ಕೂತು ನನ್ನ ಚಿತ್ರಕಥೆಯ ಪುಟ ಮುಗಿಸುತ್ತೇನೆ, ಮೂರು ಗಂಟೆ ನಿದ್ದೆ ಸಾಕು ಎಂದು ಬರೆದಿದ್ದೀಯ. ಅವರಲ್ಲೊಬ್ಬರಾದ ಒಸಾಮು ತೆಜುಕಾ ಹಾಗೇ ದುಡಿದರು, ನಿಜ. 1989ರಲ್ಲಿ ತೀರಿಕೊಂಡಾಗ ಅವರಿಗೆ 60 ವರ್ಷ. ಇನ್ನೊಬ್ಬ ಕಲಾವಿದ ಶೋತಾರೊ ಇಶಿನೊಮೊರಿ 1998ರಲ್ಲಿ ಹೋದಾಗ ಅವರಿಗೂ ಅಷ್ಟೇ. ರಾತ್ರಿ ನಿದ್ದೆಗೆಟ್ಟಿದ್ದನ್ನು ಇಬ್ಬರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರೆಂದು ಅವರ ಜೊತೆಯ ಕಲಾವಿದ ಶಿಗೆರು ಮಿಜುಕಿ ಒಂದು ಪುಟ್ಟ ಮಾಂಗಾದಲ್ಲಿ ನೆನೆದಿದ್ದಾರೆ. ಎಷ್ಟೇ ಕೆಲಸವಿದ್ದರೂ ಕಣ್ತುಂಬ ಮಲಗುತ್ತಿದ್ದ ಮಿಜುಕಿ 93 ವರ್ಷ ಬದುಕಿದರು.

ಮಿಜುಕಿಯವರದು ಸುಖದ ಬದುಕೆಂದು ತಿಳಿಯಬೇಡ. ಹುಟ್ಟಿದ್ದು 1922ರಲ್ಲಿ, ಬೆಳೆದದ್ದು ಸಕಾಯಿಮಿನಾತೊ ಎಂಬ ಬಂದರಿನಲ್ಲಿ. ಅಲ್ಲಿ ನೋನ್ನೋನ್‌ಬಾ ಎಂಬ ಅಜ್ಜಿ ಈ ಹುಡುಗನಿಗೆ ಭೂತಗಳ ಕಥೆ ಹೇಳುತ್ತಿದ್ದಳು. ಮನೆಯ ಚಾವಣಿಯಲ್ಲಿ ಕಲೆ ಕಂಡರೆ, ರಾತ್ರಿ ಬಂದ ಭೂತ ನೆಕ್ಕಿದ ಗುರುತು ಅದು ಎನ್ನುತ್ತಿದ್ದಳಂತೆ. ಮುಂದೆ ಎರಡನೇ ಮಹಾಯುದ್ಧ ಬಂತು. ಸೈನ್ಯ ಅವರನ್ನು ಪೆಸಿಫಿಕ್ ಸಾಗರದ ನ್ಯೂ ಬ್ರಿಟನ್ ದ್ವೀಪದ ರಬೌಲ್‌ಗೆ ಕಳಿಸಿತು. ಒಂದು ಬೆಳಗ್ಗೆ ಕಾವಲಿನಲ್ಲಿದ್ದ ಮಿಜುಕಿ ಗಿಳಿಗಳನ್ನು ನೋಡುತ್ತ ಮೈಮರೆತರು. ಅಷ್ಟರಲ್ಲಿ ತುಕಡಿಯ ಮೇಲೆ ದಾಳಿಯಾಗಿ ಜೊತೆಗಾರರೆಲ್ಲ ಸತ್ತರು. ಹೇಗೋ ಓಡಿ ಪಾರಾಗಿ ಬಂದವರಿಗೆ, ನೀನೊಬ್ಬನೇ ಯಾಕೆ ಉಳಿದೆ ಎಂಬ ಬೈಗುಳ ಕಾದಿತ್ತು. ಆಮೇಲೆ ಮಲೇರಿಯಾದಿಂದ ಮಲಗಿದ್ದಾಗ ಬಾಂಬು ಬಿದ್ದು ಎಡಗೈ ಹೋಯಿತು.

ಊರಿಗೆ ಮರಳಿ ಬಲಗೈಯಲ್ಲೇ ಬರೆದರು. ಮೊದಲು ಬೀದಿಯಲ್ಲಿ ಮಕ್ಕಳಿಗೆ ಕಥೆ ಹೇಳುವವರ ಚಿತ್ರಪಟಗಳು, ಆಮೇಲೆ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಗಳ ಮಾಂಗಾ ಪುಸ್ತಕಗಳು. ಅದರಿಂದ ಬರುವ ಹಣ ಹೊಟ್ಟೆಗೇ ಸಾಲುತ್ತಿರಲಿಲ್ಲ. ಆ ದಿನಗಳಲ್ಲಿ ಅವರೂ ಬಿಡುವಿಲ್ಲದೆ ದುಡಿದವರೇ. 1965ರಲ್ಲಿ ಕೊದಾನ್ಶಾ ಪ್ರಕಾಶನದ ಮಾಂಗಾ ಪ್ರಶಸ್ತಿ ಬಂದಾಗ ವಯಸ್ಸು 43. ಅವರು ಬರೆದ, ಕಿತಾರೊ ಎಂಬ ಭೂತಕುಲದ ಹುಡುಗನ ಕಥೆ ಮನೆಮಾತಾದದ್ದು ಅದರ ನಂತರ.

ಇಪ್ಪತ್ತಮೂರಕ್ಕೇ ಹೆಸರು ಬರಲಿಲ್ಲವೆಂದು ಕಂಗಾಲಾಗಿರುವ ನಿನಗೆ ನಾನು ಒತ್ತಿ ಹೇಳಬೇಕಾದದ್ದು ಇಲ್ಲಿದೆ. ನ್ಯೂ ಬ್ರಿಟನ್ ದ್ವೀಪದಲ್ಲಿ ಸಾಯಲೆಂದೇ ಕಳಿಸಿದ ಸೈನಿಕರ ಕಥೆಯನ್ನು ಮಿಜುಕಿ ಪುಸ್ತಕವಾಗಿ ಬರೆದದ್ದು 1973ರಲ್ಲಿ, 51ರ ವಯಸ್ಸಿನಲ್ಲಿ. ಭೂತಗಳ ಕಥೆ ಹೇಳಿದ ಆ ಅಜ್ಜಿಯ ಕುರಿತ ಪುಸ್ತಕ ಬಂದದ್ದು ಇನ್ನೂ ತಡವಾಗಿ. ಅದರ ಫ್ರೆಂಚ್ ಅನುವಾದಕ್ಕೆ 2007ರಲ್ಲಿ ಫ್ರಾನ್ಸಿನ ಆಂಗುಲೇಮ್ ಚಿತ್ರಕಥಾ ಉತ್ಸವದ ಅತ್ಯುತ್ತಮ ಆಲ್ಬಮ್ ಪ್ರಶಸ್ತಿ ಸಿಕ್ಕಿತು. ಅವರ ಬದುಕಿನ ಅತಿ ಮುಖ್ಯ ಕಥೆಗಳೆಲ್ಲ ಇಪ್ಪತ್ತರೊಳಗೋ ಅದರ ಆಸುಪಾಸಿನಲ್ಲೋ ನಡೆದುಹೋಗಿದ್ದವು; ಬರೆಯಲು ಅವರು ಐವತ್ತರವರೆಗೆ ಗಟ್ಟಿಯಾಗಿ ಇರಬೇಕಾಯಿತು. 91ನೇ ವಯಸ್ಸಿನಲ್ಲೂ ಅವರು ಹೊಸ ಧಾರಾವಾಹಿ ಶುರುಮಾಡಿದರು.

ಈ ವಾರ ಕೊಡಬೇಕಾದ ಪುಟಗಳು ಸೋಮವಾರಕ್ಕೆ ಬರುತ್ತವೆಂದು ಸಂಪಾದಕರಿಗೆ ಇವತ್ತೇ ತಿಳಿಸು. ಬೈದರೆ ಬೈಯಲಿ. ಹತ್ತಕ್ಕೆ ದೀಪ ಆರಿಸಿ ಮಲಗು.